ರಿಜಿಸ್ಟರಿನಲ್ಲಿದ್ದ ಏಳು ಗಂಟೆ

ಬಾನುಲಿ ಕೇಂದ್ರದ ಎರಡನೇ ಮಹಡಿಯಲ್ಲಿ ವಾರಕ್ಕೊಂದು ಸಾಕ್ಷ್ಯರೂಪಕ ತಯಾರಾಗುತ್ತಿತ್ತು. ಒಂದು ವಾರ ಇತಿಹಾಸ, ಒಂದು ವಾರ ವಿಜ್ಞಾನ, ಇನ್ನೊಂದು ವಾರ ಸಮಾಜ. ಅದರಲ್ಲಿ ಬರುವ ಪ್ರತಿ ಹೆಸರು, ಪ್ರತಿ ತಾರೀಖು ಒಬ್ಬ ಹೆಂಗಸಿನ ಮೇಜು ದಾಟಿಯೇ ಹೋಗಬೇಕಿತ್ತು. ಅವಳಿಗೆ ಎಲ್ಲರೂ ಇಟ್ಟ ಅಡ್ಡಹೆಸರು ಜರಡಿ. "ಸೂರ್ಯ ಪೂರ್ವದಲ್ಲಿ ಹುಟ್ಟಿದ ಅಂತ ಬರೆದ್ರೂ ನಮ್ಮ ಜರಡಿ ಎರಡು ಸಾಕ್ಷಿ ಕೇಳ್ತಾಳೆ" ಎಂದು ನಿರ್ಮಾಪಕ ಹೊಸಬರಿಗೆಲ್ಲ ಹೇಳುತ್ತಿದ್ದ. ಅವಳೂ ನಗುತ್ತಿದ್ದಳು.

ಆ ಸಲ ಕೈಗೆತ್ತಿಕೊಂಡದ್ದು ಮೂವತ್ತೆಂಟು ವರ್ಷದ ಹಿಂದಿನ ನೂಲಿನ ಗಿರಣಿ ಬೆಂಕಿಯ ಕಥೆ. ಬೆಳಗಿನ ಎಂಟು ಗಂಟೆಗೆ ಹತ್ತಿದ ಬೆಂಕಿ ಇಪ್ಪತ್ತಮೂರು ಜನರನ್ನು ನುಂಗಿತ್ತು. ಎಲ್ಲರೂ ಸ್ಥಳದಲ್ಲೇ ತೀರಿಕೊಂಡರು ಎಂದು ವಿಚಾರಣಾ ವರದಿ ಹೇಳಿತ್ತು. ಗಿರಣಿ ಮುಚ್ಚಿತು, ಮಾಲೀಕ ಸತ್ತ, ವರದಿಗೆ ಗೆದ್ದಲು ಹಿಡಿಯಿತು.

ರೂಪಕದ ಜೀವಾಳ ಒಬ್ಬರು ಮುದುಕರ ಮಾತು. ಅವರು ಅದೇ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ. ಅವತ್ತು ಅವರಿಗೆ ಎರಡನೇ ಪಾಳಿ, ಹೆಂಡತಿಗೆ ಮೊದಲನೇ ಪಾಳಿ. ಧ್ವನಿಮುದ್ರಣದಲ್ಲಿ ಮೇಸ್ತ್ರಿ ಹೇಳಿದ್ದು ಇಷ್ಟೇ: "ಅವಳಿಗೆ ನೋವೇ ಗೊತ್ತಾಗಲಿಲ್ಲವಂತೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗಿಹೋಯ್ತು ಅಂತ ಗಿರಣಿ ಸಾಹೇಬರು ಹೇಳಿದ್ರು. ಅಷ್ಟು ಮಟ್ಟಿಗೆ ಪುಣ್ಯವಂತೆ." ಕೇಳಿದವರೆಲ್ಲ ಸ್ಟುಡಿಯೋದಲ್ಲಿ ತಲೆ ತಗ್ಗಿಸಿದ್ದರು.

ಜರಡಿ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಗಿರಣಿಯ ಹಿಂದೆ, ಎರಡೇ ಬೀದಿಯಾಚೆ, ಒಂದು ಸಣ್ಣ ಆಸ್ಪತ್ರೆಯಿತ್ತು. ಅದರ ಹಳೇ ರಿಜಿಸ್ಟರುಗಳು ಔಷಧಿ ಕೋಣೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದವು. ಮೂರು ದಿನ ಮೂಗಿಗೆ ಸೆರಗು ಕಟ್ಟಿಕೊಂಡು ಹುಡುಕಿದ ಮೇಲೆ ಆ ತಾರೀಖಿನ ಪುಟ ಸಿಕ್ಕಿತು. ಸುಟ್ಟ ಗಾಯದವರು, ಒಂಬತ್ತು ಜನ. ಹೆಸರಿರಲಿಲ್ಲ. ಕೊರಳಲ್ಲಿದ್ದ ಗಿರಣಿಯ ಹಿತ್ತಾಳೆ ಬಿಲ್ಲೆಯ ನಂಬರು, ಬಂದ ಹೊತ್ತು, ಪ್ರಾಣ ಹೋದ ಹೊತ್ತು, ಅಷ್ಟೇ. ಅವಳು ಗಿರಣಿಯ ಹಾಜರಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ನಂಬರಿಗೆ ಹೆಸರು ಹುಡುಕುತ್ತಾ ಬಂದಳು. ನಾಲ್ಕನೇ ಸಾಲಿಗೆ ಬಂದಾಗ ಬೆರಳು ನಿಂತಿತು. ನಾನೂರ ಹದಿನೇಳು. ಮೇಸ್ತ್ರಿಯ ಹೆಂಡತಿ. ಬಂದದ್ದು ಎಂಟು ಮೂವತ್ತೈದಕ್ಕೆ. ಹೋದದ್ದು ಮಧ್ಯಾಹ್ನ ಮೂರು ನಲವತ್ತಕ್ಕೆ. ಪಕ್ಕದಲ್ಲಿ ಸಣ್ಣ ಅಕ್ಷರ: 'ಪ್ರಜ್ಞೆ ಇದೆ, ಮಾತಾಡುತ್ತಾಳೆ.'

ಏಳು ಗಂಟೆ ಐದು ನಿಮಿಷ ಆಕೆ ಬದುಕಿದ್ದಳು.

ನಿರ್ಮಾಪಕ ಕುರ್ಚಿಯಿಂದ ಎದ್ದೇಬಿಟ್ಟ. "ವರದೀನೇ ಸುಳ್ಳು! ಇದು ಪ್ರಸಾರಕ್ಕೆ ಹೋಗಲೇಬೇಕು. ಒಂಬತ್ತು ಜನ ಬದುಕಿ ಬಂದಿದ್ರು, ಅವರ ಮಾತು ಯಾರೂ ಕೇಳಲಿಲ್ಲ!"

"ಹೋಗಲಿ," ಎಂದಳು ಜರಡಿ. "ಆದ್ರೆ ಆ ಮನುಷ್ಯ ಇದನ್ನ ರೇಡಿಯೋದಲ್ಲಿ ಕೇಳಬಾರದು. ಮೊದಲು ನಾನು ಹೋಗಿ ಹೇಳ್ತೀನಿ."

ಹೇಳುವುದೇನೋ ಸುಲಭ. ಮೇಸ್ತ್ರಿಯ ಮನೆ ಮೆಟ್ಟಿಲ ಹತ್ತಿರ ಅವಳು ಎರಡು ಸಲ ನಿಂತು, ಮತ್ತೆ ಹತ್ತಿದಳು. ಬಾಗಿಲು ತೆಗೆದವಳು ಮಗಳು. ತಾಯಿ ಸತ್ತಾಗ ಎರಡು ವರ್ಷದ ಕೂಸಾಗಿದ್ದವಳು, ಈಗ ತಲೆಯಲ್ಲಿ ಬಿಳಿಕೂದಲು. ಮೇಸ್ತ್ರಿ ಕಿಟಕಿ ಪಕ್ಕ ಕೂತು ಕೆಟ್ಟುಹೋದ ಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ಜರಡಿ ಸುತ್ತಿ ಬಳಸಲಿಲ್ಲ. ರಿಜಿಸ್ಟರಿನ ನಕಲನ್ನು ಅವರ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮೇಸ್ತ್ರಿ ಬಿಚ್ಚಿದ ಗಡಿಯಾರವನ್ನು ಪಕ್ಕಕ್ಕಿಟ್ಟರು.

"ಯಾವ ಆಸ್ಪತ್ರೆ ಅಂದ್ರಿ?"

ಅವಳು ಹೇಳಿದಳು.

"ನಾನು ಮುಂದಿನ ಗೇಟಲ್ಲಿ ನಿಂತಿದ್ದೆ," ಎಂದರು. "ಬೆಳಿಗ್ಗೆಯಿಂದ ಸಂಜೆ ತನಕ ನಿಂತಿದ್ದೆ. ಒಳಗೆ ಬಿಡಿ ಅಂತ ಕಾಲಿಗೆ ಬಿದ್ದೆ. ಹಿಂದಿನ ಗೇಟಿಂದ ಸಾಗಿಸಿಬಿಟ್ರಾ? ಎರಡು ಬೀದಿ! ಎರಡೇ ಬೀದಿ ಆಚೆ ಇದ್ಲಾ ಅವಳು?"

ಮಗಳು ಅಪ್ಪನ ಭುಜ ಹಿಡಿದುಕೊಂಡು ಜರಡಿಯ ಕಡೆ ತಿರುಗಿದಳು. "ಮಾಗಿದ ಹುಣ್ಣು ಕೆರೆಯೋಕೆ ಬಂದ್ರಾ? ಮೂವತ್ತೆಂಟು ವರ್ಷ ಇವರು ಮಲಗಿದ್ದೇ ಆ ಒಂದು ಮಾತಿನ ಮೇಲೆ. ನಿಮ್ಮ ಕಾರ್ಯಕ್ರಮಕ್ಕೆ ಅದನ್ನೂ ಕಿತ್ಕೋಬೇಕಿತ್ತಾ? ಹೊರಡಿ ಇಲ್ಲಿಂದ."

ಜರಡಿ ಹೊರಟಳು. ಬಸ್ಸಿನಲ್ಲಿ ಕೂತಾಗ, ಸತ್ಯ ಸತ್ಯ ಅಂತ ಇಪ್ಪತ್ತಾರು ವರ್ಷ ಜಪ ಮಾಡಿದ ತನಗೆ ಅದರ ಭಾರ ಎಷ್ಟು ಅಂತ ಇವತ್ತಿನ ತನಕ ತಿಳಿದಿರಲಿಲ್ಲವಲ್ಲ ಎನ್ನಿಸಿತು. ಮರುದಿನ ನಿರ್ಮಾಪಕನಿಗೆ ಹೇಳಿದಳು: "ಒಂಬತ್ತು ಜನರ ವಿಷಯ ಪ್ರಸಾರ ಆಗಲಿ. ನಂಬರು ಬೇಡ. ಮೇಸ್ತ್ರಿ ಮಾತೂ ಬೇಡ, ತೆಗೆದುಬಿಡಿ. ಅದು ಸುಳ್ಳು ಅಂತ ಗೊತ್ತಿದ್ದೂ ಹಾಕೋಕಾಗಲ್ಲ. ಅವರನ್ನ ಸುಳ್ಳುಗಾರ ಮಾಡೋಕೂ ಆಗಲ್ಲ." ನಿರ್ಮಾಪಕ ಗೊಣಗಿದ. ಆದರೂ ಒಪ್ಪಿದ.

ಐದನೇ ದಿನ ಮಧ್ಯಾಹ್ನ ಬಾಗಿಲ ಹತ್ತಿರದ ಕಾವಲುಗಾರ ಫೋನ್ ಮಾಡಿದ. ಯಾರೋ ವಯಸ್ಸಾದವರು ಬಂದಿದ್ದಾರೆ, ಮೇಲೆ ಬರಲು ಆಗುವುದಿಲ್ಲವಂತೆ. ಜರಡಿ ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಕೆಳಗೆ ಬೆಂಚಿನ ಮೇಲೆ ಮೇಸ್ತ್ರಿ. ಪಕ್ಕದಲ್ಲಿ ಮಗಳು, ಮುಖ ಬೇರೆ ಕಡೆ ತಿರುಗಿಸಿಕೊಂಡು.

"ಮಾತಾಡ್ತಾಳೆ ಅಂತ ಬರೆದಿದೆಯಲ್ಲ ತಾಯಿ," ಎಂದರು ಮೇಸ್ತ್ರಿ. "ಯಾರ ಹತ್ತಿರ ಮಾತಾಡಿದ್ಲು?"

ಆ ಪ್ರಶ್ನೆ ಜರಡಿಯನ್ನೂ ಬಿಟ್ಟಿರಲಿಲ್ಲ. ರಿಜಿಸ್ಟರಿನಲ್ಲಿದ್ದ ಸಹಿ ಹಿಡಿದು ಅವಳು ಆಗಲೇ ಹುಡುಕಾಟ ಶುರು ಮಾಡಿದ್ದಳು. ಅವತ್ತಿನ ನರ್ಸಮ್ಮ ಇನ್ನೂ ಇದ್ದರು. ಎಂಬತ್ತರ ಹತ್ತಿರದ ವಯಸ್ಸು, ತಮ್ಮನ ಮನೆಯಲ್ಲಿ ವಾಸ.

ಎರಡು ದಿನ ಬಿಟ್ಟು ಮೂವರೂ ಅಲ್ಲಿಗೆ ಹೋದರು. ಜರಡಿ ಧ್ವನಿಮುದ್ರಣ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ನರ್ಸಮ್ಮನ ನೆನಪು ಗಟ್ಟಿಯಾಗಿತ್ತು.

"ಮೂಗಿನ ಪಕ್ಕ ಮಚ್ಚೆ," ಎಂದರು ಅವರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. "ಬಹಳ ಹೊತ್ತು ನಾನೇ ಪಕ್ಕದಲ್ಲಿದ್ದೆ. ನೋವಿಗೆ ಔಷಧಿ ಕೊಟ್ಟಿದ್ವಿ, ಮಧ್ಯಾಹ್ನದ ತನಕ ಇತ್ತು. ಆಮೇಲೆ ಮುಗೀತು. ಸುಳ್ಳು ಹೇಳೋಲ್ಲ ಯಜಮಾನ್ರೇ, ಕೊನೇ ಒಂದು ಗಂಟೆ ಕಷ್ಟಪಟ್ಲು."

ಮಗಳೇ ಮೆಲ್ಲಗೆ ಕೇಳಿದಳು. "ಅಮ್ಮ ಏನಂದ್ರು?"

"ಬಾಗಿಲಿಗೆ ಹೊರಗಡೆಯಿಂದ ಬೀಗ ಇತ್ತು ಅಂದ್ಲು. ಎಷ್ಟೋ ಸಲ ಅದನ್ನೇ ಅಂದ್ಲು. ಆಮೇಲೆ ಮಗೂದು ಬಟ್ಟೆ ಒಣಗ್ಹಾಕಿ ಬಂದಿದ್ದೀನಿ, ಮೋಡ ಆಗಿದೆಯಾ ನೋಡಿ ಅಂದ್ಲು. ನಾನು ಕಿಟಕಿ ಹತ್ತಿರ ಹೋಗಿ ನೋಡಿ, ಇಲ್ಲಮ್ಮ, ಒಳ್ಳೇ ಬಿಸಿಲಿದೆ ಅಂದೆ. ಇನ್ನೊಂದು ಮಾತು... ಅವರು ಇವತ್ತು ಮಧ್ಯಾಹ್ನದ ಪಾಳಿ, ಸದ್ಯ ಒಳಗಿಲ್ಲ ಅಂದ್ಲು. ಅದನ್ನ ಹೇಳುವಾಗ ಮುಖ ಅರಳಿತು."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮೇಸ್ತ್ರಿ ಅಳಲಿಲ್ಲ. ಎದ್ದು ಹೋಗಿ, ನರ್ಸಮ್ಮನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು, ಹಾಗೇ ನಿಂತರು.

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದರು ಆಕೆ. "ಬಾಯಿ ಬಿಡಬೇಡ ಅಂತ ಆಸ್ಪತ್ರೆಯ ದೊಡ್ಡವರು ಅಂದಿದ್ರು. ಅವರು ಹೋದ ಮೇಲೂ ನನಗೆ ಧೈರ್ಯ ಬರಲಿಲ್ಲ. ಅದು ನನ್ನ ತಪ್ಪೇ."

ಮರುವಾರ ಮೇಸ್ತ್ರಿ ತಾವಾಗಿಯೇ ಕೆಳಗಿನ ಸ್ಟುಡಿಯೋಗೆ ಬಂದರು. ಹಳೇ ಮಾತು ಅಳಿಸಿ, ಹೊಸದಾಗಿ ಹೇಳುತ್ತೇನೆ ಎಂದರು. ಮೈಕಿನ ಮುಂದೆ ಕೂತು, ಕಾಗದ ನೋಡದೆ ಹೇಳಿದರು: "ನನ್ನ ಹೆಂಡತಿ ಏಳು ಗಂಟೆ ಬದುಕಿದ್ದಳು. ಬಾಗಿಲಿಗೆ ಬೀಗ ಇತ್ತು ಅಂತ ಹೇಳಿ ಹೋದಳು. ಅವಳ ಮಾತನ್ನ ಯಾರೂ ಬರೆದುಕೊಳ್ಳಲಿಲ್ಲ. ಈಗ ಬರೆದುಕೊಳ್ಳಿ." ಅಷ್ಟು ಹೇಳಿ, ಸಾಕಾ ಎಂಬಂತೆ ಗಾಜಿನಾಚೆ ಕೂತಿದ್ದ ಜರಡಿಯನ್ನು ನೋಡಿದರು. ಅವಳು ತಲೆಯಾಡಿಸಿದಳು.

ನರ್ಸಮ್ಮನ ಮಾತೂ ಸೇರಿ ರೂಪಕ ಪ್ರಸಾರವಾಯಿತು. ಭೂಮಿ ಬಿರಿಯಲಿಲ್ಲ. ಹಳೇ ವರದಿಯನ್ನು ಮತ್ತೆ ಪರಿಶೀಲಿಸುತ್ತೇವೆ ಎಂದು ಸಂಬಂಧಪಟ್ಟ ಕಚೇರಿಯಿಂದ ಎರಡು ಸಾಲಿನ ಪತ್ರ ಬಂತು. ಆದರೆ ಕೇಂದ್ರದ ಫೋನು ಬಡಿದುಕೊಳ್ಳತೊಡಗಿತು. ನಮ್ಮಣ್ಣನ ನಂಬರು ಆ ಒಂಬತ್ತರಲ್ಲಿ ಇದೆಯಾ? ನಮ್ಮಮ್ಮನದು? ಇದೆ ಎಂದಾದರೆ ಎಷ್ಟು ಹೊತ್ತು? ಫೋನಿನಲ್ಲಿ ಹೇಳುವ ಮಾತಲ್ಲ ಅದು. ಬನ್ನಿ, ಕೂತು ಮಾತಾಡೋಣ ಎಂದು ಜರಡಿ ಒಬ್ಬೊಬ್ಬರಿಗೂ ದಿನ ಕೊಟ್ಟಳು. ಕೊಡುತ್ತಾ ಕೊಡುತ್ತಾ, ಇಷ್ಟು ಜನರ ಮುಖ ಹೇಗೆ ನೋಡಲಿ ಎಂದುಕೊಂಡಳು.

ಮೊದಲನೆಯವರು ಬರುವ ದಿನ ಅವಳು ಕೆಳಗಿನ ಕೋಣೆಗೆ ಹೋದಾಗ ಮೇಸ್ತ್ರಿ ಆಗಲೇ ಬಂದು ಕೂತಿದ್ದರು. ಎದುರು ಬದುರು ಇದ್ದ ಕುರ್ಚಿಗಳನ್ನು ಎತ್ತಿ, ಗೋಡೆ ಪಕ್ಕ ಸಾಲಾಗಿ ಜೋಡಿಸಿಟ್ಟಿದ್ದರು.

"ಕಾಗದದಲ್ಲಿ ಇರೋದನ್ನ ನೀವು ಓದಿ ತಾಯಿ," ಎಂದರು. "ಒಂದಕ್ಷರ ಬಿಡಬೇಡಿ. ಆಮೇಲೆ ನಾನು ಪಕ್ಕದಲ್ಲಿ ಕೂತ್ಕೋತೀನಿ."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಜರಡಿ ಹೋಗಿ ಬಾಗಿಲು ತೆಗೆದಳು.