ಬೇಲಿ ಮಗ್ಗುಲ ಸಮಾಧಿ

ಶುಕ್ರವಾರ ಸಂಜೆ ನಾಲ್ಕರೊಳಗೆ ಹೆಸರು ಬರೆಸದ ಸಮಾಧಿಗಳು ಇದ್ದಲ್ಲೇ ಉಳಿಯುತ್ತವೆ, ಅವುಗಳ ಮೇಲೆ ಅಣೆಕಟ್ಟಿನ ನೀರು ನಿಲ್ಲುತ್ತದೆ ಎಂಬ ನೋಟೀಸನ್ನು ಹುಲ್ಡಾ ಎಕ್‌ಬ್ಲಾಡ್ ತನ್ನ ಕೈಯಾರೆ ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸಿದ್ದಳು. ಅಂಟಿಸಿ ಮೂರು ವಾರವಾಗಿತ್ತು. ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದುಹೋಗುತ್ತಿದ್ದಳು. ಒಂದು ಸಲವೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆ ದಿನ ಬುಧವಾರ.

ಲಿಂಡ್‌ಹೋಮ್‌ನ ಅಂಚೆ ಕಿಟಕಿಯ ಹಿಂದೆ ಅವಳು ನಿಂತು ಇಪ್ಪತ್ತಾರು ವರ್ಷವಾಗಿತ್ತು. ಯಾರ ಮಗ ಕೊರಿಯಾದಿಂದ ಕಾಗದ ಬರೆದ, ಯಾರಿಗೆ ಕಾನ್ಸಾಸ್ ಸಿಟಿಯ ವಕೀಲರಿಂದ ಲಕೋಟೆ ಬಂತು, ಎಲ್ಲ ಅವಳಿಗೆ ಗೊತ್ತು. ಅವಳ ಬಾಯಿಂದ ಒಂದು ಮಾತು ಹೊರಬಿದ್ದದ್ದಿಲ್ಲ. ಮದುವೆಯಾಗದ ಹೆಂಗಸು, ಚರ್ಚಿನ ಎರಡನೆಯ ಬೆಂಚಿನ ಖಾಯಂ ಗಿರಾಕಿ, ಚರ್ಚಿನ ಹಿರಿಯರಾಗಿದ್ದ ಡೀಕನ್ ಎಕ್‌ಬ್ಲಾಡರ ಮಗಳು. ಊರು ಅವಳನ್ನು ನಂಬಿತ್ತು. ಆ ನಂಬಿಕೆಯೇ ಈಗ ಅವಳ ಕುತ್ತಿಗೆಯ ಮೇಲೆ ಕಲ್ಲಿಟ್ಟಂತೆ ಕೂತಿತ್ತು.

ಊರು ಬಿಚ್ಚಿಕೊಳ್ಳುತ್ತಿತ್ತು. ಸಾವಿರದ ಎಂಟುನೂರ ಅರವತ್ತೊಂಬತ್ತರಲ್ಲಿ ಸ್ವೀಡನ್ನಿನಿಂದ ಬಂದ ಹನ್ನೊಂದು ಕುಟುಂಬಗಳು ಹೊಳೆಯ ತಿರುವಿನಲ್ಲಿ ಗಾಡಿ ಬಿಚ್ಚಿದ್ದವು. ಮೊದಲ ಚಳಿಗಾಲವನ್ನು ದಂಡೆಯಲ್ಲಿ ತೋಡಿದ ಗುಹೆಗಳಲ್ಲಿ ಕಳೆದಾಗ ಮೂರು ಮಕ್ಕಳು ಸತ್ತಿದ್ದವು. ಹಾಗಾಗಿ ಈ ಊರಿಗೆ ಚರ್ಚಿಗಿಂತ ಮೊದಲು ಸ್ಮಶಾನ ಬಂತು. ಆಮೇಲೆ ಹಿಟ್ಟಿನ ಗಿರಣಿ, ಬೆಣ್ಣೆ ಕಾರ್ಖಾನೆ, ಸುಣ್ಣಕಲ್ಲಿನ ಶಾಲೆ, ಕೊನೆಗೆ ರೈಲು ಸೇತುವೆ. ಈಗ ಹತ್ತೊಂಬತ್ತು ಮೈಲಿ ಕೆಳಗೆ ಅಣೆಕಟ್ಟು ಏಳುತ್ತಿತ್ತು. ಕ್ಷೌರದಂಗಡಿಯವನು ಕುರ್ಚಿ ಹೊತ್ತುಕೊಂಡು ಹೋಗಿಯಾಗಿತ್ತು. ಮನೆಗಳನ್ನು ಬುಡಸಮೇತ ಎತ್ತಿ ಲಾರಿಗಳ ಮೇಲಿಟ್ಟು, ಪರದೆ ಬಿಚ್ಚದ ಕಿಟಕಿಗಳ ಸಹಿತ ಗುಡ್ಡದ ದಾರಿಯಲ್ಲಿ ಎಳೆದೊಯ್ಯುತ್ತಿದ್ದರು. ಹೆಸರು ಬರೆಸಿದ ಸಮಾಧಿಗಳನ್ನೂ ಗುಡ್ಡದ ಮೇಲಿನ ಹೊಸ ಸ್ಮಶಾನಕ್ಕೆ ಒಯ್ಯುವುದಿತ್ತು. ದಿನಕ್ಕೊಬ್ಬರು ಬಂದು ತಮ್ಮ ಅಂಚೆ ಪೆಟ್ಟಿಗೆಯ ಕೀಲಿಯನ್ನು ಹುಲ್ಡಾಳ ಮುಂದಿಟ್ಟು ಏನು ಹೇಳಬೇಕೆಂದು ತೋಚದೆ ಹವಾಮಾನದ ಮಾತಾಡಿ ಹೋಗುತ್ತಿದ್ದರು.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಪ್ಪ ಅಮ್ಮನ ಸಮಾಧಿಯ ಹೂಗಿಡಕ್ಕೆ ನೀರು ಹಾಕುವ ನೆವದಲ್ಲಿ ಹುಲ್ಡಾ ಸ್ಮಶಾನಕ್ಕೆ ಹೋದಳು. ನೀರಿನ ಡಬ್ಬಿ ಹಿಡಿದೇ ಉತ್ತರದ ಕಡೆಗೆ ನಡೆದಳು. ಮೂವತ್ತಾರು ವರ್ಷದ ಹಿಂದೆ ಅಲ್ಲೊಂದು ದೇವದಾರು ಮರವಿತ್ತು, ಅದರಾಚೆ ಕಲ್ಲುಕಂಬದ ಬೇಲಿ. ಮರದಿಂದ ಬೇಲಿಯ ಕಡೆಗೆ ಅಮ್ಮನ ಆರು ಹೆಜ್ಜೆ. ಅಮ್ಮ ಗುದ್ದಲಿ ಹಿಡಿದಿದ್ದಳು; ಹತ್ತೊಂಬತ್ತರ ಹುಲ್ಡಾ ಬೆಣ್ಣೆ ಕಾರ್ಖಾನೆಯ ಮರದ ಪೆಟ್ಟಿಗೆಯನ್ನು ಎದೆಗವಚಿ ನಿಂತಿದ್ದಳು. ಮಗು ಬದುಕಿದ್ದು ಬೆಳಗಿನಿಂದ ಸಂಜೆಯವರೆಗೆ. ಅದರ ತಂದೆ ಸೇತುವೆ ಕಟ್ಟುವ ತಂಡದವನು. ಸೇತುವೆ ಮುಗಿದ ಮೇಲೆ ತಂಡ ಹೊರಟಿತು, ಅವನೂ ಹೊರಟ. ಅಪ್ಪ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಸಾಯುವವರೆಗೆ ಅವಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲೂ ಇಲ್ಲ.

ಈಗ ಮರವಿರಲಿಲ್ಲ. ಬೇಲಿಯನ್ನೂ ಮೂವತ್ನಾಲ್ಕರಲ್ಲಿ ಸರ್ಕಾರದ ಕೂಲಿ ತಂಡದವರು ಕಿತ್ತು ಎಲ್ಲೋ ಆಚೆಗೆ ತಂತಿ ಎಳೆದಿದ್ದರು. ಹುಲ್ಡಾ ಆರು ಹೆಜ್ಜೆ ಹಾಕಿದಳು, ಹಿಂದೆ ಬಂದಳು, ಮತ್ತೆ ಹಾಕಿದಳು. ಎಲ್ಲಿಂದ ಆರು? ಹುಲ್ಲು ಎಲ್ಲ ಕಡೆ ಒಂದೇ ಥರ ಬೆಳೆದಿತ್ತು. ಅವಳು ಡಬ್ಬಿ ಕೆಳಗಿಟ್ಟಳು. ಜಾಗ ಕಳೆದುಹೋಗಬಹುದೆಂದು ಅವಳು ಎಂದೂ ಯೋಚಿಸಿರಲಿಲ್ಲ. ಬಾಯಿ ಬಿಡಬೇಕೋ ಬೇಡವೋ ಎಂಬುದೊಂದೇ ಇಷ್ಟು ದಿನ ಅವಳನ್ನು ಹಿಂಡಿದ್ದ ಭಯ.

ಹಳೆಯ ಬೇಲಿಯ ಸಾಲು ಗೊತ್ತಿದ್ದವನು ಒಬ್ಬನೇ, ಎಪ್ಪತ್ತೊಂಬತ್ತರ ಅಕ್ಸೆಲ್ ನಾರ್ಡ್‌ಸ್ಟ್ರಾಂಡ್. ನಲವತ್ತು ವರ್ಷ ಊರಿನ ಸಮಾಧಿ ಗುಂಡಿಗಳನ್ನೆಲ್ಲ ತೋಡಿದವನು. ಗುರುವಾರ ಬೆಳಿಗ್ಗೆ ಹುಲ್ಡಾ ಅವನ ಕಾಗದಗಳನ್ನು ತಾನೇ ಒಯ್ದು ಕೊಟ್ಟು, ಜಗಲಿಯಲ್ಲಿ ಕೂತು, ಸುತ್ತಿ ಬಳಸಿ ಬೇಲಿಯ ಮಾತಿಗೆ ಬಂದಳು. ಅಕ್ಸೆಲ್ ಆ ಕಲ್ಲುಕಂಬಗಳ ಬುಡಗಳು ಇನ್ನೂ ಮಣ್ಣೊಳಗೇ ಇವೆ, ತಾನು ಕೋಲು ಚುಚ್ಚಿ ತೋರಿಸಬಲ್ಲೆ ಎಂದ. ಹುಲ್ಡಾಳ ಎದೆ ಹಗುರಾಯಿತು. ಹಾಗಾದರೆ ನಾಳೆ ಬೆಳಿಗ್ಗೆ ಇಬ್ಬರೇ ಹೋಗಿ ನೋಡಬಹುದಲ್ಲ, ಒಂದು ಗುದ್ದಲಿ ತಂದರೆ ಸಾಕು ಎಂದಳು. ಅಂದಮೇಲೆ ತಾನು ಏನಂದೆ ಎಂದು ತಿಳಿದು ತುಟಿ ಕಚ್ಚಿದಳು.

ಮುದುಕ ತನ್ನ ಕಾಫಿ ಬಟ್ಟಲನ್ನು ಕೆಳಗಿಟ್ಟ.

"ಯಾರು ಅಂತ ನಾನು ಕೇಳಲ್ಲ ಹುಡುಗಿ," ಎಂದ. "ಆದ್ರೆ ಕದ್ದು ತೋಡೋ ಕೆಲಸ ನನ್ನ ಕೈಲಾಗಲ್ಲ. ಮಲಗಿರೋರನ್ನ ಒಂದ್ಸಲ ಕದ್ದು ಇಟ್ಟಿದ್ರೆ, ಎತ್ತುವಾಗಾದ್ರೂ ನೆಟ್ಟಗೆ ಎತ್ತಬೇಕು. ಪಟ್ಟೀಲಿ ಹೆಸರು ಬರಸು. ಆಮೇಲೆ ನಾನೇ ಬಂದು ನಿಲ್ತೀನಿ."

ಪಟ್ಟಿ ಬರೆಯುತ್ತಿದ್ದವಳು ಆಲ್ವಾ ಟಾರ್ನ್‌ಕ್ವಿಸ್ಟ್. ಅದೇ ಹುಲ್ಡಾಳ ನಿದ್ದೆಗೆಡಿಸಿದ್ದು. ಚರ್ಚಿನ ಆರ್ಗನ್ ನುಡಿಸುವ ಆಲ್ವಾ ಅವಳ ಶಾಲೆಯ ಗೆಳತಿ. ಪ್ರತಿ ಗುರುವಾರ ಇಬ್ಬರೂ ಸೇರಿ ಬಟಾಣಿ ಸುಲಿಯುವುದೋ ಹೊಲಿಯುವುದೋ ಇದ್ದೇ ಇತ್ತು. ಆಲ್ವಾಳ ನಾಲಿಗೆಗೆ ಊರೇ ಹೆದರುತ್ತಿತ್ತು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಗಿರಣಿ ದಾಟಿ ಸೇತುವೆ ಮುಟ್ಟುತ್ತದೆ ಎಂದು ಗಂಡಸರು ನಗುತ್ತಿದ್ದರು.

ಶುಕ್ರವಾರ ಮೂರೂ ಇಪ್ಪತ್ತಕ್ಕೆ ಹುಲ್ಡಾ ಅಂಚೆ ಕಿಟಕಿ ಎಳೆದುಕೊಂಡಳು. ಕೆಲಸದ ಹೊತ್ತಿನಲ್ಲಿ ಅವಳು ಕಿಟಕಿ ಮುಚ್ಚಿದ್ದು ಅದೇ ಮೊದಲು. ಚರ್ಚಿನ ನೆಲಮಾಳಿಗೆಯಲ್ಲಿ ಸರ್ಕಾರದ ಮನುಷ್ಯ ಪೆಟಿಬೋನ್ ಮೇಜು ಹಾಕಿಕೊಂಡಿದ್ದ. ಪಕ್ಕದಲ್ಲಿ ಪೆನ್ನು ಹಿಡಿದ ಆಲ್ವಾ. ಮೂಲೆಯಲ್ಲಿ ಹ್ಯಾಗ್‌ಸ್ಟ್ರಮ್ ಅತ್ತೆ ಸೊಸೆ ಚರ್ಚಿನ ಪಿಂಗಾಣಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವರು ಹೋಗಲಿ ಎಂದು ಹುಲ್ಡಾ ಕುರ್ಚಿಯಲ್ಲಿ ಕಾದಳು. ಒಂದೊಂದು ಬಟ್ಟಲಿಗೂ ಅವರು ಅಷ್ಟು ಹೊತ್ತು ಹಿಡಿಯುವುದೇ? ಮೂರೂ ಮುಕ್ಕಾಲಾಯಿತು. ಐವತ್ತೈದಾಯಿತು. ಪೆಟಿಬೋನ್ ಕಾಗದಗಳನ್ನು ಒಟ್ಟುಮಾಡಿ, ಎಕ್‌ಬ್ಲಾಡ್ ಕುಟುಂಬದ ನಾಲ್ಕೂ ಹೆಸರು ಬಂದಿವೆ, ಹುಲ್ಡಾ ಕಾಯಬೇಕಿಲ್ಲ ಎಂದ.

"ಇನ್ನೊಂದಿದೆ," ಎಂದಳು ಹುಲ್ಡಾ.

ಆಲ್ವಾ ತಲೆ ಎತ್ತದೆ, "ಯಾರ್ದೇ ಅದು, ನಿಮ್ಮಪ್ಪನ ಕುದುರೇದಾ?" ಎಂದಳು. ಮೂಲೆಯಲ್ಲಿ ಸೊಸೆ ಕಿಸಕ್ಕೆಂದಳು.

"ಒಂದು ಮಗೂದು."

"ಯಾರ ಮಗು?"

"ನಂದು ಆಲ್ವಾ. ನನ್ನ ಮಗಳದು."

ಪತ್ರಿಕೆ ಸುತ್ತುವ ಸದ್ದು ನಿಂತಿತು. ಪೆಟಿಬೋನ್ ಗಡಿಯಾರ ನೋಡಿ, ಬೇಗ ಬರೆಯಿರಿ ಎನ್ನುವಂತೆ ಆಲ್ವಾಳ ಕಡೆ ತಲೆಯಾಡಿಸಿದ. ಅವನಿಗೆ ಅದು ಪಟ್ಟಿಯ ಇನ್ನೂರ ಹದಿನಾಲ್ಕು ಹೆಸರುಗಳ ಮೇಲೆ ಇನ್ನೊಂದು, ಅಷ್ಟೇ. ಆಲ್ವಾ ಪೆನ್ನು ಮಸಿಗೆ ಅದ್ದಿದಳು. ಹೆಸರು ಕೇಳಿದಳು. ಹುಲ್ಡಾ ಸಿಗ್ನೆ ಎಂದಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಿಸಿಕೊಂಡಾಗ ಬೇರೆ ಯಾರೋ ಹೇಳಿದಂತಿತ್ತು. ಹುಟ್ಟಿದ್ದು ಇಪ್ಪತ್ತೊಂದರ ಮಾರ್ಚ್ ಒಂಬತ್ತು. ತೀರಿದ್ದು ಅದೇ ದಿನ.

ಆಲ್ವಾಳ ಪೆನ್ನು ದಿನಾಂಕದ ಮೇಲೆ ನಿಂತಿತು.

"ಆ ಮಾರ್ಚಲ್ಲಿ ನಿಂಗೆ ನ್ಯುಮೋನಿಯಾ," ಎಂದಳು. "ನಾನು ಸೂಪ್ ತಂದಿದ್ದೆ. ನಿಮ್ಮಮ್ಮ ಬಾಗಿಲಲ್ಲೇ ಇಸ್ಕೊಂಡು ಕಳಿಸಿದ್ರು."

"ಹೌದು."

"ಮೂವತ್ತಾರು ವರ್ಷ ಕಣೆ. ಪ್ರತಿ ಗುರುವಾರ ನನ್ನೆದುರಿಗೆ ಕೂತಿದ್ದೀಯ."

ಹುಲ್ಡಾ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು, ವ್ಯಂಗ್ಯಕ್ಕೆ ಸಿದ್ಧವಾಗಿ ಬಂದಿದ್ದಳು. ಆಲ್ವಾಳ ಕೆಳತುಟಿ ನಡುಗುವುದಕ್ಕೆ ಸಿದ್ಧವಾಗಿರಲಿಲ್ಲ. ಆಲ್ವಾ ಸಾಲನ್ನು ಪೂರ್ತಿ ಬರೆದು, ಹೀರುಕಾಗದದಿಂದ ಮಸಿ ಒತ್ತಿ, ಕೋಟು ತೆಗೆದುಕೊಂಡು ಮೆಟ್ಟಿಲು ಹತ್ತಿ ಹೋದಳು.

ಸುದ್ದಿ ಆ ಸಂಜೆಯೇ ಸೇತುವೆ ಮುಟ್ಟಿತು. ಮುಟ್ಟಿಸಿದವರು ಹ್ಯಾಗ್‌ಸ್ಟ್ರಮ್ ಅತ್ತೆ ಸೊಸೆಯೋ ಆಲ್ವಾಳೋ ಎಂದು ಹುಲ್ಡಾ ವಿಚಾರಿಸಲಿಲ್ಲ. ಶನಿವಾರ ಕಿಟಕಿಗೆ ಬಂದವರಲ್ಲಿ ಕೆಲವರು ಕಾಗದ ತೆಗೆದುಕೊಂಡು ನಮಸ್ಕಾರವಿಲ್ಲದೆ ತಿರುಗಿದರು. ಗಿರಣಿಯವನ ಹೆಂಡತಿ, ಡೀಕನ್‌ರು ಬದುಕಿಲ್ಲದ್ದೇ ಪುಣ್ಯ ಎಂದು ಕೇಳಿಸುವಂತೆ ಹೇಳಿದಳು. ಭಾನುವಾರ ಎರಡನೆಯ ಬೆಂಚಿನಲ್ಲಿ ಹುಲ್ಡಾಳ ಎರಡೂ ಪಕ್ಕ ಖಾಲಿ ಇತ್ತು. ಆರ್ಗನ್ ನುಡಿಸುತ್ತಿದ್ದ ಆಲ್ವಾ ಅವಳ ಕಡೆ ತಿರುಗಲಿಲ್ಲ. ಹುಲ್ಡಾ ಕೊನೆಯವರೆಗೂ ಕೂತಿದ್ದಳು.

ಮಂಗಳವಾರ ಉತ್ತರದ ಸಾಲಿನ ಸಮಾಧಿಗಳನ್ನು ಎತ್ತುವ ಸರದಿ. ಗುತ್ತಿಗೆಯ ಮೇಸ್ತ್ರಿ ಒಳ್ಳೆಯವನೇ, ಆದರೆ ಆತುರದವನು. ಅಕ್ಸೆಲ್ ಕಬ್ಬಿಣದ ಸರಳು ಚುಚ್ಚುತ್ತ ಎರಡು ಕಂಬಗಳ ಬುಡ ಕಂಡುಹಿಡಿದ. ಅವುಗಳ ನಡುವೆ ದಾರ ಎಳೆದು, ಹಳೆಯ ಮರದ ಅಂದಾಜು ಹಿಡಿದು, ಹುಲ್ಡಾ ಹೇಳಿದಂತೆ ಅಲ್ಲಿಂದ ಆರು ಹೆಜ್ಜೆ ಅಳೆದು ಜಾಗ ತೋರಿಸಿದ. ಆಳುಗಳು ತೋಡಿದರು. ಏನೂ ಇರಲಿಲ್ಲ. ಒಂದು ಗಜ ಪಕ್ಕಕ್ಕೆ ತೋಡಿದರು. ಬರೀ ಬೇರು. ಮೂರನೆಯದೂ ಖಾಲಿಯಾದಾಗ ಮೇಸ್ತ್ರಿ ಟೋಪಿ ತೆಗೆದು, ಅಷ್ಟು ಚಿಕ್ಕ ಮಗುವಾದರೆ ಇಷ್ಟು ವರ್ಷಕ್ಕೆ ಏನೂ ಉಳಿದಿರುವುದಿಲ್ಲಮ್ಮ, ಬೇಕಾದರೆ ಒಂದು ಬೊಗಸೆ ಮಣ್ಣು ತೆಗೆದುಕೊಂಡು ಹೋಗೋಣ ಎಂದ.

ಎಲ್ಲಿಯ ಮಣ್ಣು ಎಂದು ಹುಲ್ಡಾ ಮೂರೂ ಗುಂಡಿಗಳನ್ನು ನೋಡಿದಳು. ಊರಿಗೆಲ್ಲ ಹೇಳಿಯಾಯಿತು. ಇದ್ದ ಮರ್ಯಾದೆ ಹೋಯಿತು. ಆದರೂ ಮಗು ನೀರಿನಡಿಯೇ ಉಳಿಯುತ್ತದೆ, ತಾನು ಯಾವುದೋ ಖಾಲಿ ಮಣ್ಣನ್ನು ಹೊತ್ತು ಹೋಗುತ್ತೇನೆ.

ಅಕ್ಸೆಲ್ ಮಾತ್ರ ಅವಳನ್ನೇ ನೋಡುತ್ತಿದ್ದ. ಆರು ಹೆಜ್ಜೆ ಯಾರದು ಎಂದು ಕೇಳಿದ. ಅಮ್ಮನದು ಎಂದಳು.

"ಅಯ್ಯೋ, ನಿಮ್ಮಮ್ಮ ಮೋಟು ಹೆಂಗಸಲ್ವೇ," ಎಂದ ಮುದುಕ. "ನಾನು ನನ್ನ ಕಾಲಲ್ಲಿ ಅಳೀತಾ ಇದ್ದೀನಿ."

ಎರಡು ಗಜ ಹಿಂದಕ್ಕೆ ಬಂದು ತೋಡಿಸಿದ. ಸೊಂಟದುದ್ದ ಇಳಿಯುವ ಮೊದಲೇ ಮಣ್ಣು ಕಪ್ಪಾಯಿತು. ಒಂದು ಪೆಟ್ಟಿಗೆಯಷ್ಟು ಉದ್ದ, ಒಂದು ಪೆಟ್ಟಿಗೆಯಷ್ಟು ಅಗಲ. ಮೇಸ್ತ್ರಿ ಸಲಿಕೆ ಬಿಟ್ಟು ಕೈಯಿಂದ ಕೆದಕಿದ. ತುಕ್ಕು ಹಿಡಿದ ಏಳು ಮೊಳೆಗಳು ಸಿಕ್ಕವು, ಕಂಬಳಿಗೆ ಚುಚ್ಚಿದ್ದ ಒಂದು ಪಿನ್ನು ಸಿಕ್ಕಿತು. ಬೇರೇನೂ ಇಲ್ಲ. ಹುಲ್ಡಾ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು. ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಬಹಳ ದಿನಗಳ ಮೇಲೆ ಹೊಟ್ಟೆ ಹಸಿಯಿತು.

ಕಪ್ಪು ಮಣ್ಣನ್ನು ಚಿಕ್ಕ ಹೊಸ ಪೆಟ್ಟಿಗೆಗೆ ತುಂಬಿದರು. ಅದನ್ನು ಬೇರೆ ಪೆಟ್ಟಿಗೆಗಳ ಜೊತೆ ಹಿಂದೆ ಇಡಲು ಹುಲ್ಡಾ ಒಪ್ಪಲಿಲ್ಲ; ಲಾರಿಯ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಳು. ಬಾಗಿಲು ಹಾಕುವಾಗ ಯಾರೋ ಹಿಡಿದೆಳೆದರು. ಆಲ್ವಾ. ಚರ್ಚಿನ ಕಪ್ಪು ಕೋಟು ಹಾಕಿದ್ದಳು, ಮುಖ ಇನ್ನೂ ಬಿಗಿದೇ ಇತ್ತು.

"ಸರ್ಕೋ," ಎಂದಳು. "ನಿನ್ನ ಮೇಲೆ ಸಿಟ್ಟು ಹೋಗಿದೆ ಅಂದ್ಕೋಬೇಡ."

ಹುಲ್ಡಾ ಸರಿದಳು. ಲಾರಿ ಹೊರಟಿತು. ಗುಡ್ಡದ ದಾರಿ ತುಂಬ ಗುಂಡಿ. ಮೊದಲ ಕುಲುಕಿಗೇ ಹುಲ್ಡಾ ಪೆಟ್ಟಿಗೆಯನ್ನು ಅವಚಿಕೊಂಡು, ಸ್ವಲ್ಪ ನಿಧಾನ ಎಂದು ಚಾಲಕನನ್ನು ಕೇಳಿದಳು. ಅವನು ನಿಧಾನ ಮಾಡಿದ. ಇನ್ನೂ ನಿಧಾನ ಎಂದಳು ಆಲ್ವಾ. ಅವನು ನಡಿಗೆಯ ವೇಗಕ್ಕೆ ಇಳಿಸಿದ. ಹಿಂದೆ ಮನೆಯೊಂದನ್ನು ಹೊತ್ತ ದೊಡ್ಡ ಲಾರಿ, ಅದರ ಹಿಂದೆ ಇನ್ನೆರಡು ಬಂದು ಸಾಲುಗಟ್ಟಿದವು. ಯಾರೂ ಹಾರ್ನ್ ಹೊಡೆಯಲಿಲ್ಲ.