ಮಧ್ಯಾಹ್ನ ಎರಡಕ್ಕೆ ನಿಲ್ಲುವ ಮಷಿನ್

ಅಣವೀರನ ಮಷಿನ್ ದಿನಾ ಮಧ್ಯಾಹ್ನ ಎರಡರ ಮೇಲೆ ನಿಂತುಬಿಡುತ್ತಿತ್ತು. ಎಂಜಿನ್ ಮಾತ್ರ ಗುರ್ ಅನ್ನುತ್ತಲೇ ಇರುತ್ತಿತ್ತು. ಲಿವರನ್ನು ಎಷ್ಟು ಎಳೆದಾಡಿದರೂ ಅದರ ಉದ್ದ ತೋಳು, ಬೂಮ್, ಏಳದು, ಬಕೆಟ್ ಮಡಚದು. ವಾಡಿ ಹತ್ತಿರದ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಅಷ್ಟು ದೊಡ್ಡ ಎಕ್ಸ್‌ಕವೇಟರ್ ಮುನಿಸಿಕೊಂಡ ಎಮ್ಮೆಯ ಹಾಗೆ ನಿಂತಿರುತ್ತಿತ್ತು. ಕಲಬುರಗಿಯಿಂದ ಮೇಸ್ತ್ರಿ ಬರುವಷ್ಟರಲ್ಲಿ ಸಂಜೆ, ಸಂಜೆಗೆ ಅದು ಏನೂ ಆಗಿಯೇ ಇಲ್ಲ ಎಂಬಂತೆ ಕೆಲಸ ಮಾಡುತ್ತಿತ್ತು. ಎಣ್ಣೆ ಬದಲಾಯಿತು, ಫಿಲ್ಟರ್ ಬದಲಾಯಿತು, ಪಂಪು ಬಿಚ್ಚಿ ಜೋಡಿಸಿದ್ದೂ ಆಯಿತು. ಕಡೆಗೆ ಗಣಿಯ ಮಾಲೀಕ ಗುರುಲಿಂಗಯ್ಯ ಮಷಿನ್ ಬಿಟ್ಟು ಅದನ್ನು ನಡೆಸುವವನನ್ನೇ ನೋಡತೊಡಗಿದರು. ಏಪ್ರಿಲ್ ಬಿಸಿಲು, ಉಂಡ ಹೊತ್ತು, ಕಣ್ಣು ಎಳೆಯುವ ಹೊತ್ತು. ಇವನೇ ಏನೋ ಮಸಲತ್ತು ಮಾಡಿ ನಿಲ್ಲಿಸಿ ನಿದ್ದೆ ಹೊಡೆಯುತ್ತಾನೆ ಎಂದು ಕೂಲಿಯವರೆಲ್ಲರ ಮುಂದೆ ಅಂದುಬಿಟ್ಟರು.

ಅಣವೀರ ಜಗಳಕ್ಕೆ ನಿಲ್ಲಲಿಲ್ಲ. ವಾಡಿಗೆ ಹೋಗಿ ದೇವಿಕಾಳನ್ನು ಕರೆತಂದ. ದೇವಿಕಾ ಡಿಪ್ಲೊಮಾ ಓದಿ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸದ ಅಂಗಡಿ ಹಾಕಿದವಳು. ಹೆಣ್ಣುಮಗಳು ಇಂಥ ಕೆಲಸ ಮಾಡುವುದುಂಟೇ ಎಂದು ನಕ್ಕವರ ಗಾಡಿಗಳೇ ಈಗ ಅವಳ ಅಂಗಡಿ ಮುಂದೆ ಸಾಲು ನಿಲ್ಲುತ್ತವೆ, ಅದು ಬೇರೆ ಮಾತು. ಆಕೆ ಗುರುಲಿಂಗಯ್ಯನವರಿಗೆ ಸಮಾಧಾನದಿಂದ ಹೇಳಿ ನೋಡಿದಳು. ಬೂಮ್ ಎತ್ತುವುದು ಎಣ್ಣೆಯ ಒತ್ತಡ, ಖರೆ. ಆದರೆ ಲಿವರಿನ ಅಪ್ಪಣೆ ಎಣ್ಣೆಗೆ ಮುಟ್ಟಬೇಕಾದರೆ ಒಂದು ಸಣ್ಣ ವಾಲ್ವ್ ತೆರೆದಿರಬೇಕು, ಆ ವಾಲ್ವನ್ನು ತೆರೆಯುವ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ, ಇಪ್ಪತ್ನಾಲ್ಕು ವೋಲ್ಟ್ ಕರೆಂಟು ಬರಬೇಕು. ಎಲ್ಲರೂ ಎಣ್ಣೆಯನ್ನೇ ನೋಡಿದ್ದಾರೆ, ತಂತಿಯನ್ನು ಯಾರೂ ನೋಡಿಲ್ಲ.

ಗುರುಲಿಂಗಯ್ಯ ತಾವೇ ಹದಿನೈದು ವರ್ಷ ಮಷಿನ್ ನಡೆಸಿ ಮೇಲೆ ಬಂದವರು. ಅವರಿಗೆ ಪಾಠ ಹೇಳಿದರೆ ಕೇಳುತ್ತಾರೆಯೇ?

“ಇವತ್ತ ನಾನ ನಡಸ್ತೀನಿ,” ಅಂದರು. “ನನ್ನ ಕೈಯಾಗ ನಿಂತ್ರ ತಪ್ಪು ಮಷಿನ್ದು. ನಿಲ್ಲಲಿಲ್ಲಂದ್ರ ಅಣವೀರ ನಾಳಿಂದ ಬರೂದು ಬ್ಯಾಡ.”

ಧೋತರದ ಕಚ್ಚೆ ಬಿಗಿದು ಹತ್ತಿದವರೇ, ಸೀಟಿನ ಹಿಂದೆ ಗೋಣಿತಟ್ಟು ಸುತ್ತಿ ತೂಗುಹಾಕಿದ್ದ ನೀರಿನ ಕ್ಯಾನನ್ನು ತೆಗೆದು ಕೆಳಗಿಟ್ಟರು. ಕ್ಯಾಬಿನ್ ಅಂದರೆ ಅಡುಗೆಮನೆಯೇ ಎಂದು ಬೈದರು. ಈ ಭಾಗದಲ್ಲಿ ಮಷಿನ್ ನಡೆಸುವವರೆಲ್ಲ ಹಾಗೆಯೇ ನೀರು ತಣ್ಣಗೆ ಇಟ್ಟುಕೊಳ್ಳುವುದು. ತಟ್ಟು ಒಣಗಿದಂತೆಲ್ಲ ಮೇಲೊಂದಿಷ್ಟು ನೀರು ಸುರಿಯುತ್ತಾರೆ. ಅಣವೀರನ ಕ್ಯಾಬಿನ್ನಿನ ಎಸಿ ಕೆಟ್ಟು ವರ್ಷವಾಗಿತ್ತು, ಅವನಿಗಿದ್ದ ತಂಪು ಅದೊಂದೇ.

ದೇವಿಕಾ ಆ ಕಾಯಿಲ್‌ಗೆ ಎರಡು ಉದ್ದದ ತಂತಿ ಸೇರಿಸಿ, ಮಷಿನ್ನಿನ ಹಿಂಬದಿಗೆ ಎಳೆದು, ಮೀಟರನ್ನು ತನಗೆ ಕಾಣುವ ಹಾಗೆ ಕಟ್ಟಿದಳು. ಹತ್ತು ಗಂಟೆಗೆ ಇಪ್ಪತ್ನಾಲ್ಕು. ಹನ್ನೆರಡಕ್ಕೂ ಇಪ್ಪತ್ನಾಲ್ಕು. ಗುರುಲಿಂಗಯ್ಯನವರ ಕೈ ಇನ್ನೂ ಪಳಗಿದ ಕೈಯೇ, ಮಣ್ಣು ಬೆಣ್ಣೆ ತೆಗೆದ ಹಾಗೆ ಏಳುತ್ತಿತ್ತು. ಎರಡಾಯಿತು, ಎರಡೂವರೆಯಾಯಿತು, ಅಂಕಿ ಅಲ್ಲಾಡಲಿಲ್ಲ. ಕಾವಿಗೆ ಯಾವುದೋ ತಂತಿ ಸಡಿಲಾಗುತ್ತದೆ ಎಂದು ಲೆಕ್ಕ ಹಾಕಿದ್ದ ದೇವಿಕಾ ಮೀಟರಿನ ತಂತಿಗಳನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಅಣವೀರನ ಕಡೆ ನೋಡಲು ಧೈರ್ಯವಾಗಲಿಲ್ಲ. ತನ್ನನ್ನು ನಂಬಿ ಬಂದವನ ಅನ್ನ ತನ್ನ ಕಣ್ಣೆದುರೇ ಹೋಗುತ್ತಿತ್ತು.

ಗುರುಲಿಂಗಯ್ಯ ಗೆದ್ದ ಮುಖದಲ್ಲೇ ಇದ್ದರು, ಆದರೆ ಆ ಮುಖದ ತುಂಬ ಬೆವರು. ಕ್ಯಾಬಿನ್ ಕಾದ ಹಂಚಾಗಿತ್ತು. ಕಡೆಗೆ ತಡೆಯಲಾರದೆ ಅದೇ ಕ್ಯಾನ್ ಮೇಲೆ ಕೊಡಲು ಹೇಳಿದರು. ಗಟಗಟ ಕುಡಿದರು. ಹಿಂದಿನ ಕೊಂಡಿಗೆ ತಾವೇ ತೂಗುಹಾಕಿದರು. ಹಳೆಯ ರೂಢಿ ಎಲ್ಲಿಗೆ ಹೋಗುತ್ತದೆ, ತಟ್ಟಿನ ಮೇಲೆ ಎರಡು ತಂಬಿಗೆ ನೀರೂ ಹೊಯ್ದರು.

ಹತ್ತು ನಿಮಿಷ ಕಳೆದಿರಬೇಕು. ಮೀಟರಿನಲ್ಲಿ ಹತ್ತೊಂಬತ್ತು. ದೇವಿಕಾ ಕಣ್ಣುಜ್ಜಿಕೊಂಡಳು. ಹನ್ನೊಂದು. ಆರು. ತುಂಬಿದ ಬಕೆಟ್ ನಡುವೆಯೇ ನಿಂತಿತು. ಎಂಜಿನ್ ಗುರ್ ಅನ್ನುತ್ತಲೇ ಇತ್ತು, ಗುರುಲಿಂಗಯ್ಯ ಲಿವರ್ ಎಳೆಯುತ್ತಲೇ ಇದ್ದರು.

ಎಂಜಿನ್ ಬಂದ್ ಮಾಡಿಸಿ ದೇವಿಕಾ ಕ್ಯಾಬಿನ್ನಿಗೆ ಹತ್ತಿದಳು. ತಟ್ಟಿನಿಂದ ಹನಿ ಬೀಳುತ್ತಿದ್ದ ಜಾಗದಲ್ಲಿ ಒಂದು ಮುಚ್ಚಳ, ಅದರ ಅಂಚಿನ ರಬ್ಬರ್ ಹರಿದುಹೋಗಿತ್ತು. ಬಿಚ್ಚಿದರೆ ಒಳಗೆ ವಾಲ್ವಿನ ತಂತಿ ಕೂಡುವ ಕನೆಕ್ಟರ್ ನೀರಿನಲ್ಲಿ ನೆನೆಯುತ್ತಿತ್ತು, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಬಿಸಿಲು ಏರಿ ತಟ್ಟು ಒಣಗುವುದೂ, ಅಣವೀರ ಅದಕ್ಕೆ ನೀರು ಹೊಯ್ಯುವುದೂ ದಿನಾ ಎರಡರ ಸುಮಾರಿಗೆ. ಹಸಿಯಾದರೆ ಕರೆಂಟು ಅಲ್ಲೇ ಸೋರಿಹೋಗುತ್ತದೆ, ಸಂಜೆಗೆ ಒಣಗಿದರೆ ಮತ್ತೆ ಸರಿ. ಪಾಪ, ಬಂದ ಮೇಸ್ತ್ರಿಗಳೆಲ್ಲ ಒಣಗಿದ ಮೇಲೆಯೇ ಬಂದಿದ್ದರು.

ಗುರುಲಿಂಗಯ್ಯ ಕನೆಕ್ಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಣವೀರನ ಕ್ಯಾನೇ ಇದಕ್ಕೆಲ್ಲ ಕಾರಣ ಎಂದು ಬೈಯಬಹುದಿತ್ತು. ಆದರೆ ಇವತ್ತು ನೀರು ಹೊಯ್ದ ಕೈ ತಮ್ಮದೇ ಆಗಿತ್ತು. ಎಸಿ ನಾಳೆಯೇ ಮಾಡಿಸುತ್ತೇನೆ, ಅಲ್ಲಿತನಕ ಕ್ಯಾನ್ ಹೊರಗೆ ತೂಗುಹಾಕಿರಿ ಎಂದಷ್ಟೇ ಹೇಳಿದರು. ದೇವಿಕಾ ಪಿನ್ನುಗಳನ್ನು ತಿಕ್ಕಿ ಒಣಗಿಸಿ, ಹೊಸ ರಬ್ಬರ್ ಕೂರಿಸಿ ಮುಚ್ಚಿದಳು. ಮೀಟರಿನಲ್ಲಿ ಇಪ್ಪತ್ನಾಲ್ಕು ಬಂತು. ಕೂಲಿಯವರು ನಗುತ್ತಿದ್ದರು, ಅವಳಿಗೂ ನಗು ತಡೆಯಲಾಗಲಿಲ್ಲ.

ಅಣವೀರ ಮಾತ್ರ ನಗಲಿಲ್ಲ. ಕೆಳಗೇ ನಿಂತು ಯಾರಿಗೋ ಫೋನು ಹಚ್ಚುತ್ತಿದ್ದ. ಅವನ ಹೆಂಡತಿ ಹಣಮಮ್ಮ ಊರಲ್ಲಿ, ಚಿಮ್ಮನಚೋಡದಲ್ಲಿ ಇದ್ದಳು. ನಿದ್ದೆಯ ಮಾತು ಅಲ್ಲಿಗೂ ಹೋಗಿತ್ತಂತೆ, ಎರಡು ವಾರದಿಂದ ಅವಳು ಇವನೊಡನೆ ನೆಟ್ಟಗೆ ಮಾತಾಡಿರಲಿಲ್ಲವಂತೆ. ಫೋನನ್ನು ಅವನು ಗುರುಲಿಂಗಯ್ಯನವರ ಮುಂದೆ ಹಿಡಿದ.

“ನೀವ ಹೇಳ್ರಿ ಅಯ್ಯಾರ. ನಾ ಹೇಳಿದ್ರ ಆಕಿ ನಂಬಂಗಿಲ್ಲ. ಮಂದಿ ಅಂದೂ ಅಂದೂ, ನಾನ ಖರೇನ ನಿದ್ದಿಗಣ್ಣಾಗ ಏನರ ಮಾಡಾಕತ್ತೀನೇನೋ ಅಂತ ನನಗೂ ಅನಸ್ಲಿಕ್ಕತ್ತಿತ್ರಿ.”

ಗುರುಲಿಂಗಯ್ಯ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಮಾತಾಡಿದರು.

“ಹಣಮಮ್ಮ, ಯವ್ವಾ, ನಿನ್ನ ಗಂಡ ಒಂದಿನಾನೂ ಮಕ್ಕೊಂಡಿಲ್ಲ. ಸುಳ್ಳು ಹೇಳಿದಾಂವ ನಾನು.”

ಆ ಕಡೆಯಿಂದ ಅವಳು ಏನಂದಳೋ ಯಾರಿಗೂ ಕೇಳಿಸಲಿಲ್ಲ. ಗುರುಲಿಂಗಯ್ಯ ಮಾತ್ರ ತಲೆಬಾಗಿಸಿ, ಹೂಂ, ಹೂಂ ಎನ್ನುತ್ತ ಬಿಸಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು.