ಮಾಸ್ಕಿಗೆ ಹಾಕಿದ ತೇಪೆ

"ನೋಡೇ ಇಲ್ಲಿ, ಹೇಗೆ ಗುಳ್ಳೆ ಏಳ್ತಿದೆ! ಹೊಸ ಮಾಲಂತೆ, ಥೂ!"

ಮಾಸ್ಕಿನ ಮೇಲೆಲ್ಲ ಸೋಪಿನ ನೊರೆ ಬಳಿದು, ಉಸಿರಾಟದ ಮೆಶಿನ್ ಚಾಲೂ ಮಾಡಿ, ಯಜಮಾನರು ಕಳ್ಳನನ್ನು ಹಿಡಿದವರ ಹಾಗೆ ಕೂತಿದ್ದರು. ನಲವತ್ತು ವರ್ಷ ಪಂಚರ್ ಅಂಗಡಿ ಇಟ್ಟಿದ್ದ ಆಸಾಮಿ. ಅಷ್ಟೂ ವರ್ಷ ಬೀಡಿ ಸೇದಿ ಶ್ವಾಸಕೋಶವನ್ನು ಗುಜರಿ ಟ್ಯೂಬಿಗಿಂತ ಕಡೆ ಮಾಡಿಕೊಂಡಿದ್ದರು. ಈಗ ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು, ರಾತ್ರಿಯಿಡೀ, ಈ ಮೆಶಿನ್ನೇ ಗಾಳಿ ಒತ್ತಿ ಒಳಗೆ ಕಳಿಸಬೇಕು.

"ಮಾಸ್ಕಲ್ಲಿ ಆ ತೂತುಗಳು ಬೇಕೇಬೇಕು ಅಂತ ಹುಡುಗಿ ಹೇಳಿದ್ಲಲ್ರೀ," ಎಂದರು ಹೆಂಡತಿ.

ಹುಡುಗಿ ಎಂದರೆ ಮೆಶಿನ್ ಹಾಕಿಕೊಟ್ಟ ಟೆಕ್ನಿಶಿಯನ್. ಬಿಟ್ಟ ಉಸಿರು ಹೊರಗೆ ಹೋಗೋದೇ ಅಲ್ಲಿಂದ, ಮುಚ್ಚಬೇಡಿ ಅಂತ ಪಾಪ ಮೂರು ಸಲ ಹೇಳಿದ್ದಳು. ಕೋಣನ ಮುಂದೆ ಕಿನ್ನರಿ.

"ಅವಳು ಹುಟ್ಟೋ ಮುಂಚೆ ನಾನು ಲಾರಿ ಟೈರು ಬಿಚ್ಚಿದೋನು. ಗಾಳಿ ಸೋರೋದನ್ನ ನನಗೆ ಹೇಳಿಕೊಡ್ತಾಳಾ? ಕೆಟ್ಟ ಮಾಲು ಕೊಟ್ಟು ಮೇಲೊಂದು ಕಥೆ!"

ಅಹಂಕಾರಕ್ಕೆ ಉದಾಸೀನವೇ ಮದ್ದು ಎಂದುಕೊಂಡು ಹೆಂಡತಿ ಬಟ್ಟೆ ಒಗೆಯಲು ಹಿತ್ತಲಿಗೆ ಹೋದರು. ಜಂಭದ ಕೋಳಿಗೆ ಅಷ್ಟೇ ಸಾಕಾಯಿತು. ಉಪ್ಪು ಕಾಗದದಲ್ಲಿ ಉಜ್ಜಿ, ಪಂಚರ್ ಅಂಟಿನ ಸಲ್ಯೂಷನ್ ಸವರಿ, ರಬ್ಬರಿನ ತೇಪೆ ಒತ್ತಿದರು. ಒಂದು ತೂತೂ ಉಳಿಯಲಿಲ್ಲ. ಕೈಗುಣ ಹೋಗಿರಲಿಲ್ಲ, ಬುದ್ಧಿಯೊಂದು ಮೊದಲಿಂದಲೂ ಇರಲಿಲ್ಲ. ಮಾಸ್ಕ್ ಕಟ್ಟಿಕೊಂಡು ಹಾಯಾಗಿ ಮಲಗಿದರು.

ಬಟ್ಟೆ ಹರವಿ ಬಂದ ಹೆಂಡತಿ ಬಾಗಿಲಲ್ಲೇ ನಿಂತರು. ಮಾಸ್ಕಿನಿಂದ ಗಾಳಿ ಸುಯ್ಯೆನ್ನುವ ಸದ್ದಿಲ್ಲ.

"ರೀ... ರೀ!"

ಭುಜ ಹಿಡಿದು ಅಲ್ಲಾಡಿಸಿದರೆ ಯಜಮಾನರು ಅರೆಗಣ್ಣು ತೆರೆದು, "ಹಿಂದಿನ ಚಕ್ರ ಬಿಚ್ಚೋ," ಎಂದು ತೊದಲಿ ಮತ್ತೆ ಕುಸಿದರು. ಮೈಯೆಲ್ಲ ಬೆವರು. ಆಕೆ ಮಾಸ್ಕ್ ಕಿತ್ತೆಸೆದು ಆಂಬುಲೆನ್ಸಿಗೆ ಫೋನ್ ಮಾಡಿದರು.

ಬಿಟ್ಟ ಉಸಿರನ್ನೇ ತಿರುಗಿ ಎಳೆದುಕೊಂಡಿದ್ದಾರೆ, ಇನ್ನೊಂದು ಗಂಟೆ ತಡವಾಗಿದ್ದರೆ ಏಳುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಸುದ್ದಿ ತಿಳಿದು ಬಂದ ಟೆಕ್ನಿಶಿಯನ್ ಮಾಸ್ಕಿನ ತೇಪೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಅಬ್ಬಾ, ಬಿಡ್ತಾನೇ ಇಲ್ಲ," ಎಂದಳು. ಹಾಸಿಗೆಯಲ್ಲಿದ್ದ ಯಜಮಾನರ ಮುಖ ಅರಳಿದ್ದನ್ನು ಕಂಡು ಹೆಂಡತಿಗೆ ಮೈ ಉರಿಯಿತು.

ಐದನೇ ದಿನ ಮನೆಗೆ ಬಂದರು. ಊಟವಾದ ಮೇಲೆ ಹೊಸ ಮಾಸ್ಕನ್ನು ಕಿವಿಯ ಹತ್ತಿರ ಹಿಡಿದು, "ಇದೂ ಸೋರ್ತಿದೆ ಕಣೇ," ಎಂದರು.

ಆಕೆ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದರು. "ನಲವತ್ತು ವರ್ಷ ನಿಮ್ಮ ಬಾಯಿ ಸೋರಿದ್ದನ್ನ ಸಹಿಸಿದೀನಿ. ಇದೂ ಸೋರ್ಲಿ. ಮುಚ್ಕೊಂಡು ಮಲಕ್ಕೊಳ್ಳಿ!"

ಯಜಮಾನರು ಮಾಸ್ಕ್ ಮುಖಕ್ಕಿಟ್ಟುಕೊಂಡು ಮಲಗಿದರು. ಆಕೆ ಪಟ್ಟಿ ಬಿಗಿದು, ಒದ್ದೆ ಅಂಗೈಯನ್ನು ಆ ತೂತುಗಳ ಮುಂದೆ ಹಿಡಿದರು. ಗಾಳಿ ಬೆಚ್ಚಗೆ ತಾಗುತ್ತಿತ್ತು. ಕೈ ಒಣಗುವವರೆಗೂ ಹಾಗೇ ಹಿಡಿದಿದ್ದರು.